ಎರವಲು ರೆಪ್ಪೆ

ಈ ಹಿಮಚಿರತೆ ಮರಿಗೆ ಕಣ್ಣು ಮುಚ್ಚಲು ಬರುವುದಿಲ್ಲ.
ಬಲಗಡೆಯ ಮೇಲ್‌ರೆಪ್ಪೆ
ಇಲಿ ಕಡಿದ ರೊಟ್ಟಿಯಂಚಿನಂತೆ, ಹುಟ್ಟುತ್ತಲೇ ಅರ್ಧ.
ನಿದ್ದೆಯಲ್ಲೂ ನನ್ನತ್ತಲೇ ನೋಟ.
ನೋಡುತ್ತಿಲ್ಲವೆಂದು ಗೊತ್ತಿದ್ದೂ
ಮೆಲ್ಲಗೆ ಹೆಜ್ಜೆಯಿಡುತ್ತೇನೆ.

ನಾಲ್ಕು ತಾಸಿಗೊಮ್ಮೆ ಹನಿ.
ಕರಕೋಲಿನ ಚಳಿಗೆ ಮದ್ದು ಹೆಪ್ಪುಗಟ್ಟೀತೆಂದು
ಸೀಸೆಯನ್ನು ಕಂಕುಳಲ್ಲಿಟ್ಟೇ ಮಲಗುವುದು.
ಹೆಸರು ಬದುಕಿದ ಮೇಲೆ, ಎನ್ನುತ್ತಾನೆ ಡಾಕ್ಟರ್ ತೊಕ್ತೊಸುನ್,
ಅಣ್ಣಂದಿರು ಸತ್ತ ಮೇಲೆ ಹುಟ್ಟಿ
'ಇದಾದರೂ ನಿಲ್ಲಲಿ' ಎಂದೇ ಹೆಸರಿಡಿಸಿಕೊಂಡವನು.

ಮೊನ್ನೆ ವಂಶಾವಳಿಯ ಪುಸ್ತಕ ಬಿಡಿಸಿದ.
ತಾಯಿಯ ಕಡೆಯಿಂದ ಒಂದು ಬೆರಳು ಮೇಲೇರಿತು,
ತಂದೆಯ ಕಡೆಯಿಂದ ಇನ್ನೊಂದು.
ಆರನೆಯ ತಲೆಯಲ್ಲಿ ಎರಡೂ ತಾಗಿದವು:
ಗಂಡು. ನರಿನ್ ಕಣಿವೆ. ಸೆರೆಯಾದದ್ದು ಅರವತ್ತೆಂಟರಲ್ಲಿ.

ಆ ಕಣಿವೆಯಲ್ಲಿ ಬೋನು ಒಡ್ಡುತ್ತಿದ್ದವನು ನಮ್ಮಪ್ಪ.
ಅದೇ ವರ್ಷ ಮನೆಗೆ ಮೋಟಾರ್ ಸೈಕಲ್ ಬಂತು.
ಪಕ್ಕದ ತೊಟ್ಟಿಲಲ್ಲಿ ನನ್ನ ಕೂರಿಸಿಕೊಂಡು
ಸರೋವರದ ದಂಡೆಗುಂಟ ಓಡಿಸಿದ್ದ.
ಆ ಗಾಳಿಗೆ ನಾನು ಕಣ್ಣೇ ಬಿಡಲಿಲ್ಲ.

'ಯಾಕೆ ಬುರುಲ್ಕಾನ್ ಎಜೆ, ಸುಮ್ಮನಾದಿರಿ?'
ಏನಿಲ್ಲ ಎಂದೆ.

ಇಂದು ಆಪರೇಷನ್.
ಮರಿಯ ತುಟಿಯಂಚಿನಿಂದಲೇ ಒಂದು ಎಳೆ ಬಿಡಿಸಿ
ಕಣ್ಣ ಮೇಲಕ್ಕೆ ತಿರುಗಿಸಿ ಹೊಲಿದ.
ಹಾಲಿಗೆಂದು ಹುಟ್ಟಿದ ಚರ್ಮ
ಇನ್ನು ಹಿಮದ ಬಿಸಿಲು ತಡೆಯಬೇಕು.

ರಾತ್ರಿ ಎರಡು ಗಂಟೆ. ಬಾಟಲಿ ಹಿಡಿದಿದ್ದೇನೆ.
ಒಂದೊಂದು ಗುಟುಕಿಗೂ
ಊದಿಕೊಂಡ ಹೊಸ ರೆಪ್ಪೆ
ತುಸುವೇ ಅದುರುತ್ತದೆ,
ತಾನಿನ್ನೂ ಬಾಯಿಯೇ ಎಂದುಕೊಂಡು.