ಕೊಂಬು

ಉಪ್ಪಿನಕಾಯಿ ಭರಣಿ ಆಚೆ ಸರಿಸಿ
ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಳು
ಫ್ಲೇವಿಯಾ ಕ್ರಾಸ್ತಾ.
“ಮಣಿಯಾಣಿ ಮಾಮ, ಮೂವತ್ತೊಂದು ವರ್ಷ
ವಿಲ್ಲೇಜಾಫೀಸಿನಲ್ಲಿ ನೆಲಕ್ಕೆ ಹೆಸರು ಬರೆದವರಲ್ಲವಾ ನೀವು,
ಇದಕ್ಕೂ ಸ್ವಲ್ಪ ಹೇಳಿ.”

ಜಪಾನಿನವರ ಆಟ. ಅಲ್ಲಿಂದ ಇಂಗ್ಲಿಷಿಗೆ ಹೋಗಿ
ಇಂಗ್ಲಿಷಿನಿಂದ ಕುಂಬಳೆಗೆ ಬಂದು ಮುಟ್ಟಿದೆ,
ಶಬ್ದಕ್ಕೆ ಎಪ್ಪತ್ತು ಪೈಸೆ.
ಕಾಲಿಟ್ಟರೆ ಏನಾಗುತ್ತದೋ ಅದೇ ಅಲ್ಲಿ ನೆಲದ ಜಾತಿ.
ಒಂದು ಜಾರಿಸುತ್ತದೆ.
ಒಂದು ಮೊಣಕಾಲು ಹಿಡಿದು, ಎಲ್ಲಿಗೆ ಇಷ್ಟು ಅವಸರ ಎನ್ನುತ್ತದೆ.
ಒಂದು ಹೆಜ್ಜೆಹೆಜ್ಜೆಗೂ ಚೂರುಚೂರೇ ಜೀವ ಕೀಳುತ್ತದೆ.
ಮತ್ತೊಂದರಲ್ಲಿ ಲೆಕ್ಕಾಚಾರವಿಲ್ಲ: ಬಿದ್ದೆ, ಮುಗಿಯಿತು.
ಇಂಗ್ಲಿಷಿನವನು ಮೂರಕ್ಕೆ ಒಂದೇ ಹೆಸರಿಟ್ಟು
ಸಂಬಳ ಎಣಿಸಿಕೊಂಡು ಹೋಗಿದ್ದಾನೆ.

ನನಗೆ ಹುಮ್ಮಸ್ಸು ಬಂತು.
ಹಾವಸೆ ಅಂದೆ. ಹುದುಲು ಅಂದೆ. ಉಸುಬು ಅಂದೆ.
“ಉಸುಬು ಅಂದರೆ ಯಾರಿಗೆ ಗೊತ್ತುಂಟು?”
ಮುಳುಗಿದವರಿಗೆ, ಅಂದೆ.
ಅವಳು ನಗಲಿಲ್ಲ, ಬೆರಳು ಮಡಿಸಿ ಎಣಿಸುತ್ತಿದ್ದಳು.
ಒಂದು ಹೆಸರಿಗೆ ಎಂಟೇ ಮನೆ.
ಕೊಂಬಿಗೂ ಒಂದು ಮನೆ ಬೇಕು, ಸೊನ್ನೆಗೂ ಬೇಕು,
ಒತ್ತಕ್ಷರ ಒಂದಕ್ಕೆ ಮೂರು ನುಂಗುತ್ತದೆ ಯಂತ್ರ.
ಮುಳ್ಳುಹಾಸು ಹಿಡಿಸಲಿಲ್ಲ, ಮುಳ್ಳು ಉಳಿಯಿತು.
ವಿಷದ ಜೌಗು ಒಂದೇ ಒಂದು ಮನೆಯಷ್ಟು ಉದ್ದವಾಯಿತು.
ಹಾಗಾದರೆ ನಂಜು ಅಂತ ಹಾಕು, ಅಂದೆ.

ಒತ್ತಿದಳು. ಕೊಂಬು ತಪ್ಪಿತು.
ನೇರಳೆ ಕೆಸರು ಪರದೆಯಲ್ಲಿ ಗುಳುಗುಳು ಕುದಿಯುತ್ತಿತ್ತು,
ಅದರ ನೆತ್ತಿಯ ಮೇಲೆ ಬೆಳ್ಳಗೆ:
ನಂಜ.

ನೀರು ನಿಲ್ಲುವ ಗದ್ದೆ. ರಿಜಿಸ್ಟರಿನಲ್ಲಿ ನನ್ನದೇ ಕೈಬರಹ.
ಒಣನೆಲವಾದರೆ ಪುಂಜ.
ಬೇಸಾಯದವರ ಬಾಯಲ್ಲಿ ಬೈಲು, ಮಜಲು, ಬೆಟ್ಟು;
ಮೂರು ಬೆಳೆ, ಎರಡು ಬೆಳೆ,
ಮಳೆಯ ಮರ್ಜಿಗೆ ಬಿಟ್ಟ ಒಂದು.

“ಅಯ್ಯೋ, ತಪ್ಪಿತು,” ಅಂತ ಅವಳು ಕೊಂಬು ಹುಡುಕುವಷ್ಟರಲ್ಲಿ
ನನಗೆ ಕೊಳಂಬೆ ಬೈಲು ಕಂಡಿತು.
ಒಂದೂವರೆ ಎಕ್ರೆ. ಆಟಿ ತಿಂಗಳು.
ಮುಂಡು ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು
ದಾಟಿದ್ದೆ ಆ ಗದ್ದೆಯನ್ನು.
ಆಫೀಸಿಗೆ ಬಂದು, ಮೀನಖಂಡದ ಕೆಸರು ಒಣಗುವ ಮೊದಲೇ
ಬರೆದಿದ್ದೆ: ಪುಂಜ.
ಯಾರೂ ಕತ್ತಿಗೆ ಕತ್ತಿ ಹಿಡಿದಿರಲಿಲ್ಲ.
ಒಂದು ಲಕೋಟೆ. ಆಮೇಲೆ ಹೋಟೆಲಿನಲ್ಲಿ ಊಟ,
ಅಯಕೂರ, ನಡುವಿನ ತುಂಡು.
ಸುಳ್ಳು ಯಾಕೆ, ರುಚಿ ಇನ್ನೂ ನೆನಪುಂಟು.

ಮಣ್ಣು ಬಿತ್ತು. ಟೈಲ್ಸ್ ಅಂಗಡಿ ಎದ್ದಿತು.
ಈಗ ಪ್ರತಿ ಮಳೆಗಾಲ ಅಂಗಡಿಗೆ ಹೊಳೆ ನುಗ್ಗುತ್ತದೆ,
ಹಿಂದಿನ ಐಸಮ್ಮನ ಅಡಿಗೆಮನೆಗೂ.
ಅವಳು ಯಾರಿಗೂ ಲಕೋಟೆ ಕೊಟ್ಟವಳಲ್ಲ.

ಆಡಿ ನೋಡುವ ಕೆಲಸ ಅವಳ ಮೊಮ್ಮಗ ಇಶಾಮನಿಗೆ,
ಹನ್ನೊಂದು ವರ್ಷ, ದಿನಕ್ಕೊಂದು ಸೋಡಾ ಶರಬತ್ತು ಸಂಬಳ.
ಅವನು ಹೆಸರು ಓದುವುದೇ ಇಲ್ಲ.
ನೇರಳೆ ಕಂಡರೆ ಹಾರುತ್ತಾನೆ, ಬಿಳಿ ಕಂಡರೆ ತೆವಳುತ್ತಾನೆ.
ಓದಬೇಕು ಮಗಾ, ಅಂದೆ.
“ಬೇಡ ಅಜ್ಜ, ಒಮ್ಮೆ ಸತ್ತರೆ ಗೊತ್ತಾಗ್ತದೆ.”

ದೀಪ ಹಚ್ಚುವ ಹೊತ್ತಿಗೆ ಒಂದೇ ನೆಲ ಬಾಕಿ.
ನೋಡಲು ಗಟ್ಟಿ, ಹುಲ್ಲು ಬೇರೆ ಉಂಟು,
ಮೂರನೇ ಹೆಜ್ಜೆಗೆ ಕುಸಿಯುತ್ತದೆ.
ಇಂಗ್ಲಿಷಿನಲ್ಲಿ ಹೆಸರಿಲ್ಲ, ಬರೀ ನಂಬರು.
“ಎಂಟು ಮನೆ ಉಂಟು ಮಾಮ, ಯೋಚಿಸಿ.”
ಯೋಚಿಸುವುದಕ್ಕೇನೂ ಇರಲಿಲ್ಲ.

ಪುಂಜ, ಅಂದೆ.

“ಕೋಳಿಯಾ?” ಅಂತ ನಕ್ಕಳು ಫ್ಲೇವಿಯಾ.
ಆದರೂ ಬರೆದುಕೊಂಡಳು, ಈ ಸಲ ಕೊಂಬು ಬಿಡದೆ.
ನಾಲ್ಕು ಮನೆ ಹಿಡಿಯಿತು.
ಉಳಿದ ನಾಲ್ಕು
ಖಾಲಿ ಬಿದ್ದಿವೆ.