ಮೂವತ್ತೊಂದು ಮನೆಯ ಕಾರ್ಡು

ಚೋರ್ಕೋರ್‌ನ ಹೊಗೆಗೂಡುಗಳ ನಡುವೆ
ದಿನಾ ಹತ್ತಕ್ಕೆ ನನ್ನ ಸೈಕಲ್ಲು.
ಸುಸು ವಸೂಲಿಯವನು ನಾನು, ಲಾಂಪ್ಟಿ.
ಮೀನು ಹೊಗೆಗಿಡುವ ಹೆಂಗಸರು ಸೊಂಟದ ಗಂಟು ಬಿಚ್ಚಿ
ಹತ್ತು ಹತ್ತು ಸೆಡಿ ಕೊಡುತ್ತಾರೆ. ನೋಟಿಗೂ ಹೊಗೆಯ ವಾಸನೆ.
ಹಳದಿ ಕಾರ್ಡಿನಲ್ಲಿ ಮೂವತ್ತೊಂದು ಮನೆ,
ದಿನಕ್ಕೊಂದು ಮನೆಗೆ ನನ್ನ ಗೀಟು.
ತಿಂಗಳು ತುಂಬಿದರೆ ಅವರ ದುಡ್ಡು ಅವರಿಗೆ,
ಒಂದು ದಿನದ್ದು ನನಗೆ.

ತಿಂಗಳು ತುಂಬುವ ಮೊದಲೇ ಮುರಿಸುವವರು
ಕೇಳದಿದ್ದರೂ ಕಾರಣ ಹೇಳುತ್ತಾರೆ:
ಅತ್ತೆಯ ತಮ್ಮ ಸತ್ತ, ಶವಪೆಟ್ಟಿಗೆಗೆ ನಮ್ಮ ಪಾಲು;
ತಗಡು ಹಾರಿತು;
ಬೂಟಿಲ್ಲದೆ ಟೆಟ್ಟೆಯನ್ನು ಶಾಲೆಯೊಳಗೆ ಬಿಡುತ್ತಿಲ್ಲ.
ಅರ್ಧ ಬೀದಿಗೆ ಕೇಳುವಂತೆ ಹೇಳುತ್ತಾರೆ.

ಹೇಳದೆ ಮುರಿಸುವವರೂ ಇದ್ದಾರೆ.

ಕೋರ್ಕೋಯ್ ಹಾಗೆ ಬಂದಳು, ಒಂದು ಸೋಮವಾರ ಸಂಜೆ.
ಹೋದ ತಿಂಗಳ ಕಾರ್ಡನ್ನೂ ಪಕ್ಕಕ್ಕಿಟ್ಟುಕೊಂಡು
ಬೆರಳಿಟ್ಟು ಹಿಂದಕ್ಕೆ ಹಿಂದಕ್ಕೆ ಎಣಿಸುತ್ತಿದ್ದಳು,
ಹಣವನ್ನಲ್ಲ.
"ಪೂರಾ ಕೊಡು" ಅಂದಳು, ಅಷ್ಟೆ.
ಗಂಡನ ದೋಣಿ ಮೂರು ವಾರದಿಂದ ಮರಳ ಮೇಲಿದೆ,
ಎಣ್ಣೆಗೆ ಸರದಿ ಕಾಯುತ್ತ;
ಸಿಕ್ಕ ದಿನ ಬಲೆಯಲ್ಲಿ ಮೀನಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು.
ಮಕ್ಕಳು ನಾಲ್ಕು. ಹುಟ್ಟುವ ಸರದಿಗೆ ತಕ್ಕ ಹೆಸರು
ನಮ್ಮಲ್ಲಿ ಮೊದಲೇ ಇರುತ್ತದೆ; ಅವಳ ಅತ್ತೆ ಆಗಲೇ
ಐದನೆಯದನ್ನು ಕರೆಯುತ್ತಿದ್ದಳು, ಅಂಗಳದಲ್ಲಿ, ತಮಾಷೆಗೆ.

ಮಂಗಳವಾರ ಕಡಲಿಗೆ ರಜೆ, ಯಾರೂ ಇಳಿಯುವುದಿಲ್ಲ.
ಬುಧವಾರ ಅವಳು ಕುಳಿತೇ ಮೀನು ತಿರುವಿದಳು.
ಹತ್ತು ಸೆಡಿ ಕೊಟ್ಟಳು. ಹೊಸ ಕಾರ್ಡು ಬರೆದೆ.
ನನ್ನ ಪಾಲಿನ ಒಂದು ದಿನದ್ದನ್ನು ಬಿಡಬಹುದಿತ್ತು.
ಬಿಟ್ಟಿರಲಿಲ್ಲ.

ಈ ಬೀದಿಯ ಲೆಕ್ಕವೆಲ್ಲ ಬಲ್ಲೆನೆಂಬ ಹೆಮ್ಮೆ ನನಗಿತ್ತು,
ಕಿರಿಯವಳ ಲಸಿಕೆ ಪುಸ್ತಕ ಹುಡುಕುತ್ತ
ಅಕ್ಕಿ ಡಬ್ಬದ ತಳಕ್ಕೆ ಕೈ ಹಾಕುವ ತನಕ.
ರಬ್ಬರ್ ಬ್ಯಾಂಡು ಸುತ್ತಿದ ಆರು ನೀಲಿ ಕಾರ್ಡು.
ಬೇರೆ ಬೀದಿಯವನ ಗೀಟು, ನನ್ನದಕ್ಕಿಂತ ದಪ್ಪ.
ನನ್ನ ಹೆಂಡತಿಯ ಹೆಸರು.
ದಿನಕ್ಕೆ ನಾಲ್ಕು ಸೆಡಿ. ಐದು ಕಾರ್ಡು ತುಂಬಿವೆ,
ಆರನೆಯದು ಹದಿನೇಳನೇ ಮನೆಗೆ ನಿಂತಿದೆ.
ಹೋದ ವರ್ಷದ ಜೂನ್. ಹೇಗೋ ಆಗುತ್ತೆ, ಹೇಗೋ ಆಗುತ್ತೆ
ಎಂದು ನಾನು ಮಾತುಮಾತಿಗೂ ಅನ್ನುತ್ತಿದ್ದ ಕಾಲ.
ಅವಳು ಎರಡು ದಿನ ಅಕ್ಕನ ಮನೆಯಲ್ಲಿದ್ದು
ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಬಂದಿದ್ದಳು.
ಸೆಕೆಯಲ್ಲಿ ಇದೇಕೆ ಅಂತ ನಕ್ಕಿದ್ದೆ.

ಹೊರಗೆ ಅವಳು ಕೆಂಕೆಯ ಎಲೆ ಬಿಚ್ಚುತ್ತಿದ್ದಾಳೆ.
ಕಾರ್ಡುಗಳನ್ನು ಇದ್ದ ಹಾಗೇ ಅಕ್ಕಿಯೊಳಗಿಟ್ಟೆ.
ಹದಿನಾಲ್ಕು ಮನೆ ಖಾಲಿ.
ಅವನೂ ತನ್ನ ಒಂದು ದಿನದ್ದನ್ನು
ಹಿಡಿದುಕೊಂಡೇ ಕೊಟ್ಟಿರಬೇಕು.