ಅಟ್ಟೆ

ಒಬ್ಬನಿಗೆ ಒಂಬತ್ತು ಹೆಸರು, ಅಷ್ಟೇ ಲೆಕ್ಕ.
ಆ ಒಂಬತ್ತರಾಚೆ ಯಾರೆಂದು
ಗಲ್ಲಿಗೇರಿಸಿದರೂ ಹೇಳಲಾರ, ಗೊತ್ತಿದ್ದರೆ ತಾನೆ.
ಹಾಗೆ ಕಟ್ಟಿದ್ದರು ಗುಟ್ಟನ್ನು.
ಆಣೆ ಇಡಿಸಿಕೊಂಡವನ ಮುಖ ಕೂಡ
ಕತ್ತಲಲ್ಲೇ ಇರಬೇಕಂತೆ.

ನನಗೆ ಮಾತ್ರ ಎಲ್ಲರೂ ಗೊತ್ತಿದ್ದರು.
ನಾನು ಹನೋರಾ, ಮ್ಯಾಕ್ರೂಮಿನ ಡಾರ್ಬಿ ಕ್ರೆಮಿನನ ಮಗಳು,
ಅಪ್ಪನ ಕಣ್ಣು ಮಂಜಾದ ಮೇಲೆ
ಊರ ಬೂಟು ಹೊಲಿದವಳು.

ಮುಖ ನೋಡಿದವಳಲ್ಲ. ಅಟ್ಟೆ ನೋಡಿದವಳು.
ಭಾನುವಾರ ರಾತ್ರಿ ಗುಡ್ಡದ ಹಿಂದೆ ಕವಾಯತು;
ಸೋಮವಾರ ನನ್ನ ಮಣೆಯ ಮೇಲೆ
ಅದೇ ಕರಿ ಜೌಗುಮಣ್ಣು
ಮಾಸ್ತರನ ಬೂಟಿಗೂ, ಹೆಂಡದಂಗಡಿ ಹುಡುಗನ ಬೂಟಿಗೂ.
ಬ್ಯಾಟ್ ಶಿನಿಕ್, ಎಡಗಾಲು ಎಳೆಯುವವ,
ಅವನ ಹಿಮ್ಮಡಿಗಳೆರಡೂ ಸಮನಾಗಿ ಸವೆಯತೊಡಗಿದವು.
ಮೂವತ್ತು ವರ್ಷ ಕುಂಟಿದವನು
ನೆಟ್ಟಗೆ ನಡೆಯುವುದನ್ನು ಕತ್ತಲಲ್ಲಿ ಕಲಿತ.
ಅವತ್ತು ಅವನಿಂದ ಕಾಸು ತೆಗೆದುಕೊಳ್ಳಲಿಲ್ಲ,
ಕಾರಣವನ್ನೂ ಹೇಳಲಿಲ್ಲ.

ಆಣೆ ಇಟ್ಟವರಿಗೆ ಪಾಪನಿವೇದನೆ ಇಲ್ಲ ಎಂದರು ಪಾದ್ರಿ.
ಅವರ ಬೂಟಿಗೂ ನಾನೇ ತೇಪೆ.

ಮೊರ್ಟಿ ಕಾಲಿನನ್.
ಹೇಳಿಬಿಡುತ್ತೇನೆ, ಈಗ ಯಾರಿದ್ದಾರೆ ಕೇಳಲು.
ಅವನು ಹಾಡಿದರೆ ನಾಯಿಗಳೂ ಸುಮ್ಮನಾಗುತ್ತಿದ್ದವು.
ಬೂಟು ಕೊಡುವಾಗ ಒಂದು ಕ್ಷಣ ಹೆಚ್ಚೇ
ಕೈಬಿಡದೆ ಹಿಡಿದಿರುತ್ತಿದ್ದ.
ಜನವರಿಯ ಮೂರು ಸೋಮವಾರ
ಅವನ ಅಟ್ಟೆಯಲ್ಲಿ ಜೌಗುಮಣ್ಣಿಲ್ಲ.
ಕೆಂಪು ಜಲ್ಲಿ.
ನಮ್ಮೂರಲ್ಲಿ ಕೆಂಪು ಜಲ್ಲಿ ಹಾಸಿದ್ದು
ಮ್ಯಾಜಿಸ್ಟ್ರೇಟನ ಅಂಗಳಕ್ಕೆ ಮಾತ್ರ.

ದಬ್ಬಳದ ಮೊನೆಯಿಂದ ಒಂದೊಂದೇ ಕಲ್ಲು ಕಿತ್ತೆ.
ಎಣಿಸಿದೆ. ಏಳು.
ಒಲೆಗೆ ಹಾಕಿದೆ. ಕಲ್ಲು ಉರಿಯುವುದಿಲ್ಲ, ಗೊತ್ತು.
ತೋಟದ ಕೆಲಸ ಸಿಕ್ಕಿರಬೇಕು ಅಂದುಕೊಂಡೆ.
ಜನವರಿಯಲ್ಲಿ, ತೋಟದ ಕೆಲಸ!

ಮಾರ್ಚಿನಲ್ಲಿ ಹಿಮ ಬಿತ್ತು, ಅವರು ಎದ್ದರು,
ಬೆಳಗಾಗುವ ಮೊದಲೇ ಮುಗಿಯಿತು.
ಕೋಳ ತೊಡಿಸಿ ನಮ್ಮ ಬೀದಿಯಲ್ಲೇ ನಡೆಸಿಕೊಂಡು ಹೋದರು.
ನಾನು ಬಾಗಿಲಲ್ಲಿ ನಿಂತು, ತಲೆ ಎತ್ತದೆ,
ಹಿಮದ ಮೇಲಿನ ಹೆಜ್ಜೆ ಒಂದೊಂದನ್ನೂ ಓದಿದೆ.
ಬ್ಯಾಟ್ ಶಿನಿಕ್ ಮತ್ತೆ ಎಡಗಾಲು ಎಳೆಯುತ್ತಿದ್ದ.

ಮೊರ್ಟಿ ಲಿವರ್‌ಪೂಲಿಗೆ ಹೋದನಂತೆ,
ಹೊಸ ಬೂಟು ಹಾಕಿಕೊಂಡು.
ಬಿಟ್ಟುಹೋದ ಹಳೆ ಜೊತೆ ಇಲ್ಲೇ ಗೋಡೆಯ ಮೊಳೆಗೆ ತೂಗಿದೆ,
ಕೂಲಿ ಬಾಕಿ, ಆರು ಪೆನ್ಸ್.
ಅಪ್ಪ ಬೆರಳಲ್ಲಿ ತಡವಿ ಒಮ್ಮೆ ಕೇಳಿದ್ದ:
'ಯಾರದ್ದೇ ಇದು? ಹೊಲಿಗೆ ನಿನ್ನದೇ.
ಯಾಕಿಷ್ಟು ಬಿಗಿ?'